ಮೂರು ಕುದಿಯ ನಿಯಮ

ಜ್ವರ ಬಿಟ್ಟರೂ ಅತ್ತೆಯ ನಾಲಿಗೆಯ ಕಹಿ ಬಿಟ್ಟಿರಲಿಲ್ಲ. ಗಂಜಿ ತಂದರೆ ಗೋಡೆಯತ್ತ ತಿರುಗಿಬಿಡುತ್ತಿದ್ದರು. ನಾಳೆ ಬೆಳಗಿನೊಳಗೆ ಹೊಟ್ಟೆಗೆ ಏನೂ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರು ಹೇಳಿಹೋಗಿದ್ದರು. ಅತ್ತೆಯ ಲೆಕ್ಕದಲ್ಲಿ ಆಸ್ಪತ್ರೆಯೆಂದರೆ, ಬೇರೆಯವರ ಅಡುಗೆಯನ್ನು ತಪ್ಪು ಹೇಳದೆ ತಿನ್ನಬೇಕಾದ ಜಾಗ.

"ನಮ್ಮಮ್ಮ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಕರಗಿಸಿ ನಿಂಬೆರಸದ ಜೆಲ್ಲಿ ಮಾಡ್ತಿದ್ಲು," ಎಂದರು, ಗೋಡೆಗೆ. "ಜ್ವರದವರಿಗೂ ಅದೇ, ಬಾಣಂತಿಗೂ ಅದೇ. ಕೈ ಕುಯ್ದುಕೊಂಡ್ರೆ ರೇಷ್ಮೆ ಬಟ್ಟೆ ತುಂಡಿಗೆ ಅದನ್ನೇ ಬಳಿದು ಗಾಯಕ್ಕೆ ಅಂಟಿಸ್ತಿದ್ಲು. ಈಗ ಯಾರಿಗೆ ಬರುತ್ತೆ ಬಿಡು."

ಕೊನೆಯ ಮಾತು ಗೋಡೆಗಲ್ಲ, ಸೊಸೆಗೆ.

ಗಾಳಿಚೀಲಕ್ಕೆ ಆ ಮನೆಯಲ್ಲಿ ಬರವಿರಲಿಲ್ಲ. ಮಗ ಮುಂದಿನ ಕೋಣೆಯಲ್ಲಿ ಪಿಟೀಲು ರಿಪೇರಿ ಮಾಡುವವನು. ಒಣಗಿಸಿದ ಗಾಳಿಚೀಲದಿಂದಲೇ ಅಂಟು ಕಾಯಿಸುತ್ತಿದ್ದ.

"ಇದನ್ನ ತಿನ್ನಬಹುದಾ?" ಸೊಸೆ ಕೇಳಿದಳು.

"ಅಂಟಾಗೋಕೆ ಮುಂಚೆ ಅದೂ ಮೀನೇ ತಾನೆ," ಎಂದು ಗಾಳಿಚೀಲದ ಡಬ್ಬಿ ಕೊಟ್ಟ.

ಸೊಸೆ ನೆನೆಸಿದಳು, ಹೆಚ್ಚಿದಳು, ಕುದಿಸಿದಳು, ಸಕ್ಕರೆ ನಿಂಬೆರಸ ಬೆರೆಸಿ ಆರಲಿಟ್ಟಳು. ಮೂರು ಕುದಿ ಬಾರದೆ ಒಲೆಯಿಂದ ಏನನ್ನೂ ಇಳಿಸಬಾರದೆಂಬುದು ಅತ್ತೆ ಅವಳಿಗೆ ಕಲಿಸಿದ ಮೊದಲ ಪಾಠ. ಹಾಲು, ನೀರು, ಬೇಳೆ ಎಲ್ಲವೂ ಆ ಕಾನೂನಿನಡಿ ಬದುಕಿದ್ದವು. ಮಧ್ಯಾಹ್ನ ನೋಡಿದರೆ ಬಟ್ಟಲಲ್ಲಿ ಜೆಲ್ಲಿಯ ಬದಲು ಬರೀ ಸಿಹಿನೀರು, ಮೀನಿನ ವಾಸನೆ ಉಚಿತ.

ಗಂಡ ಬಟ್ಟಲು ಓರೆಮಾಡಿ ನೋಡಿದ. "ಕುದಿಸಿದ್ಯಾ? ಕುದಿ ಬಂದ್ರೆ ಅಂಟಿನ ಹಿಡಿತಾನೇ ಹೋಗುತ್ತೆ ಕಣೆ. ಪಿಟೀಲಿನ ಬೆನ್ನೊಂದು ಕಡೆ, ಹೊಟ್ಟೆಯೊಂದು ಕಡೆ."

"ನಿಮ್ಮಮ್ಮನಿಗೆ ನೀವೇ ಹೇಳಿ."

ಅವನಿಗೆ ಥಟ್ಟನೆ ಮುಂದಿನ ಕೋಣೆಯ ಕೆಲಸ ನೆನಪಾಯಿತು.

ಡಬ್ಬಿಯಲ್ಲಿ ಉಳಿದದ್ದು ಒಂದೇ ತುಂಡು. ನೆನೆದ ಮೇಲೆ ಸೊಸೆ ಬಿಸಿನೀರಿನ ಪಾತ್ರೆಯೊಳಗೆ ಚಿಕ್ಕ ಪಾತ್ರೆಯಿಟ್ಟು, ಉರಿ ತಗ್ಗಿಸಿ ನಿಂತಳು.

"ಕುದಿಯೋ ಸದ್ದೇ ಇಲ್ಲ," ಎಂದಿತು ಮಲಗುವ ಕೋಣೆ.

"ಕುದಿಸ್ತಿಲ್ಲ ಅತ್ತೆ."

"ಈ ಮನೇಲಿ ಕುದಿಸದೆ ಏನೂ..."

"ನಿಮ್ಮಮ್ಮ ಇದನ್ನ ಕುದಿಸ್ತಿದ್ರಾ?"

ಮಂಚ ಕಿರುಗುಟ್ಟಿತು. "ಯಾರಿಗ್ಗೊತ್ತು. ಅವಳು ನನ್ನನ್ನ ಒಲೆ ಹತ್ರ ಬಿಟ್ಟಿದ್ರೆ ತಾನೆ."

ಸಂಜೆ ಬಟ್ಟಲು ಅಲ್ಲಾಡಿಸಿದರೆ ಜೆಲ್ಲಿ ನಡುಗಿತು, ಚೆಲ್ಲಲಿಲ್ಲ. ಅತ್ತೆ ಗೋಡೆ ಬಿಟ್ಟು ಈಚೆ ತಿರುಗಿದರು. ಮೊದಲ ಚಮಚಕ್ಕೆ, "ಸಕ್ಕರೆ ಜಾಸ್ತಿ." ಎರಡನೆಯದಕ್ಕೆ, "ನಿಂಬೆ ಸಾಲದು." ಆಮೇಲೆ ತಪ್ಪು ಹೇಳಲು ಬಾಯಿಗೆ ಬಿಡುವಿರಲಿಲ್ಲ. ಬಟ್ಟಲು ಬರಿದಾಯಿತು.

"ನಾಳೆ ಒಲೆ ಪಕ್ಕ ನನಗೊಂದು ಕುರ್ಚಿ ಹಾಕು," ಎಂದರು. "ಹೇಗೆ ಮಾಡ್ತೀಯ ನೋಡ್ಬೇಕು."

"ಡಬ್ಬಿ ಖಾಲಿ ಅತ್ತೆ."

"ನಿನ್ನ ಗಂಡ ಇರೋದ್ಯಾಕೆ? ಮೀನಿನವಳ ಹತ್ರ ಕಳಿಸು."

ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ಮುಂದಿನ ಕೋಣೆಯಲ್ಲಿ ಪಿಟೀಲೊಂದು, ಅಂಟಿಲ್ಲದೆ, ಹೊಟ್ಟೆ ತೆರೆದುಕೊಂಡು ತನ್ನ ಸರದಿ ಕಾಯುತ್ತ ಮಲಗಿತ್ತು.