ಬಾವಿಕಟ್ಟೆಗೆ ಎಳೆದ ತಂತಿ

"ಕಾಕಾ, ರೇಡಿಯೋದಾಗ ಏನೂ ಖರಾಬಿ ಇಲ್ರಿ. ಖರಾಬಿ ನಿಮ್ಮ ನೆಲದಾಗ ಅದ," ಎಂದ ರೇಡಿಯೋ ರಿಪೇರಿಯ ಅಂಬಾರಾಯ.

ರೇಡಿಯೋ ಮತ್ತೆ ಗರಗರ ಎಂದಿತು. ಎದುರಿನ ಹಿಟ್ಟಿನ ಗಿರಣಿಯ ಮೋಟಾರು ತಿರುಗುವಷ್ಟು ಹೊತ್ತೂ ಅದರ ಪಾಡು ಇದೇ. ರೇವಣಪ್ಪನಿಗೆ ತಲೆ ಕೆಟ್ಟುಹೋಗಿತ್ತು. ಸಂಜೆ ಆರಕ್ಕೆ ಮಗಳು ಅಮೃತಮ್ಮ ಹೈದರಾಬಾದ್ ಕೇಂದ್ರದಿಂದ ಮೊದಲ ಸಲ ವಚನ ಹಾಡುವವಳಿದ್ದಳು. ಆಗಲೇ ನಾಲ್ಕೂವರೆ. ಶಹಾಬಾದಿನ ಅರ್ಧ ಊರಿಗೆ ಡಂಗುರ ಸಾರಿ ಬಂದವನೂ ತಾನೇ!

"ಮೊನ್ನಿ ಉಪ್ಪು, ಇದ್ದಲಿ ಹಾಕಿ ಅರ್ಥ್ ತಂತಿ ಹುಗದಿಯಲ್ಲೋ?"

"ಹುಗದೀನ್ರಿ. ಎರಡ ಮೊಳಕ್ಕೇ ಫರಸಿ ಹತ್ತತು. ಒಣಾ ಕಲ್ಲಿನ ಮ್ಯಾಲ ತಂತಿ ಇಟ್ರ ಏನ್ ಬಂತು? ಗಿರಣಿ ಗದ್ದಲ ಇಳದು ಹೋಗಾಕ ಹಸಿ ಮಣ್ಣ ಬೇಕ್ರಿ. ಈ ಓಣ್ಯಾಗ ಅದು ಇರೋದು ಒಂದೇ ಕಡಿ, ಬಾಜೂ ಮನಿ ಜೈತುನ್ಬೀ ಬಾವಿಕಟ್ಟಿ ಬುಡಕ್ಕ."

ಆಯುಷ್ಯವೆಲ್ಲ ಫರಸಿ ಖಣಿಯಲ್ಲಿ ಮೇಸ್ತ್ರಿಯಾಗಿದ್ದ ರೇವಣಪ್ಪನಿಗೆ ನೆಲದ ಗುಣ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಬಾವಿಯೂ ಹೊಸದಲ್ಲ. ಅಮೃತಮ್ಮ ಅಲ್ಲಿ ನೀರು ಸೇದುತ್ತಲೇ ಹಾಡು ಕಲಿತವಳು. ಐದು ವರ್ಷದ ಹಿಂದೆ, ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ವಾರ, ಮುಸಲ್ಮಾನರ ಮನೆ ಹುಡುಕುತ್ತ ಓಣಿಗೆ ಗುಂಪು ನುಗ್ಗಿದ ಸಂಜೆ ಜೈತುನ್ಬೀ ಇದೇ ಬಾಗಿಲು ಬಡಿದಿದ್ದಳು. "ಅಣ್ಣಾ, ಅಣ್ಣಾ" ಎಂದು ಕೂಗಿದ್ದಳು. ಇವನು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಆಕೆ ಮೂರು ದಿನ ಖಣಿಯ ಗುಂಡಿಯಲ್ಲಿ ಅಡಗಿ ಜೀವ ಉಳಿಸಿಕೊಂಡಳು. ಅಂದಿನಿಂದ ಈ ಮನೆಗೆ ಸ್ಟೇಷನ್ ಕಡೆಯ ಬಾವಿಯ ನೀರು. ಆಕೆ ಇವತ್ತಿನವರೆಗೆ ಒಂದು ಮಾತೂ ಅಂದಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಾ ಕೇಳಿ ಬರ್ಲೇನ್ರಿ?"

"ಬ್ಯಾಡ. ನಾನೇ ಹೋಗ್ತೀನಿ."

ಜೈತುನ್ಬೀ ಕಟ್ಟೆಯ ಬಳಿ ಪಾತ್ರೆ ತಿಕ್ಕುತ್ತಿದ್ದಳು. ರೇವಣಪ್ಪ ರೇಡಿಯೋ, ತಂತಿ, ಮಣ್ಣು ಎಂದು ಏನೇನೋ ತೊದಲಿದ. ಆಕೆ ಕೈಯ ಬೂದಿ ತೊಳೆದುಕೊಂಡಳು.

"ಅಮೃತಾ ಹಾಡ್ತಾಳೇನು?"

"ಹೌದವ್ವ. ಆರಕ್ಕ."

"ಅಗೀರಿ. ಈ ಕಡಿ ಭಾಳ ಹಸಿ ಅದ."

ಅವನು ಅಲ್ಲಿಂದ ಕದಲಲಿಲ್ಲ. "ತಂಗಿ, ಅವತ್ತ ನಾ ಮನ್ಯಾಗೇ ಇದ್ದೆ."

"ಗೊತ್ತದ," ಎಂದಳು ಜೈತುನ್ಬೀ. "ನಿಮ್ಮ ಉಸುರು ಕೇಳಸ್ತಿತ್ತು."

ಮತ್ತೆ ಪಾತ್ರೆಗೆ ಕೈ ಹಾಕಿದಳು.

ಆರಕ್ಕೆ ಐದು ನಿಮಿಷ ಇರುವಾಗ ತಂತಿ ಹೊಸ್ತಿಲು ದಾಟಿ ರೇಡಿಯೋಕ್ಕೆ ಸೇರಿತು. ಗರಗರ ಪೂರ್ತಿ ಹೋಗಲಿಲ್ಲ. ಆದರೂ ದೂರದ ಜಿಟಿಮಳೆಯಷ್ಟಕ್ಕೆ ಇಳಿಯಿತು. ಪಡಸಾಲೆ ತುಂಬ ಓಣಿಯ ಜನ. ಮಗಳ ಹೆಸರು ಹೇಳಿದ್ದು ಸ್ಪಷ್ಟವಾಗಿ ಕೇಳಿತು. ರೇವಣಪ್ಪನ ಕಣ್ಣು ತುಂಬಿದವು.

"ಬಾಗಲಾ ಹಾಕ್ಲೇನ್ರಿ? ಗಿರಣಿ ಸಪ್ಪಳ ಬರಾಕತ್ತದ," ಎಂದ ಅಂಬಾರಾಯ.

"ಬ್ಯಾಡೋ!"

ರೇವಣಪ್ಪ ಎದ್ದು ಹೋಗಿ ಎರಡೂ ಕದಗಳನ್ನು ಗೋಡೆಗೆ ತಾಗುವವರೆಗೆ ತಳ್ಳಿದ. ರೇಡಿಯೋದ ಮೋರೆಯನ್ನು ಹೊರಗೆ ತಿರುಗಿಸಿ, ಸಪ್ಪಳ ಏರಿಸಿದ. ಅಮೃತಮ್ಮ ಹಾಡತೊಡಗಿದಳು.

ಆಚೆ ಕಿರುಗುಡುತ್ತಿದ್ದ ರಾಟೆ ನಿಂತಿತು. ಜೈತುನ್ಬೀ ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು ಬಾವಿಗೆ ಬಾಗಿದ್ದಳು. ಅರ್ಧಕ್ಕೆ ಬಂದ ಕೊಡದಿಂದ ನೀರು ಹನಿಹನಿಯಾಗಿ ಒಳಗೆ ಬೀಳುತ್ತಿತ್ತು.