ಬಾಣಂತಿ ಪೊಟ್ಟಣ

ಮದ್ದಿನಂಗಡಿಯವಳ ಬಾಯಿ ಬಲು ಜೋರು. ಬಸುರಿಯರಿಗೆ ಶತಾವರಿ ಪುಡಿ ಕಟ್ಟಿಕೊಡುವಾಗ ನಾಲ್ಕು ಬೈಗುಳವನ್ನೂ ಪುಕ್ಕಟೆ ಸೇರಿಸುತ್ತಾಳೆಂದು ಬೀದಿಯವರು ನಗುತ್ತಿದ್ದರು. ಆದರೆ ಬಾಣಂತಿ ಪೊಟ್ಟಣದ ವಿಷಯದಲ್ಲಿ ಅವಳ ಹತ್ತಿರ ತಮಾಷೆ ನಡೆಯುತ್ತಿರಲಿಲ್ಲ. ಕೇಳಿಕೊಂಡು ಬಂದವರಿಗೆ ಮೊದಲ ಪ್ರಶ್ನೆ, “ಗಂಡೋ ಹೆಣ್ಣೋ?” ಉತ್ತರ ಬಾರದೆ ಮೇಲಿನ ಕಪಾಟಿನ ಬಾಗಿಲು ತೆರೆಯುತ್ತಿರಲಿಲ್ಲ. ಆ ಪೊಟ್ಟಣದಲ್ಲಿದ್ದ ಕಹಿ ಬೇರು ಹೆತ್ತವಳ ಗರ್ಭಕೋಶವನ್ನು ಹಿಂಡಿ ಮೊದಲಿನಂತೆ ಮಾಡುತ್ತದೆ. ಒಳಗೆ ಮಗು ಇದ್ದರೂ ಹಿಂಡುತ್ತದೆ, ಬೇರಿಗೇನು ಗೊತ್ತು?

ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲ ಆ ಪ್ರಶ್ನೆ ಕೇಳದೆ ಕೊಟ್ಟಿದ್ದಳು. ಅದೂ ಹೋದ ವಾರ, ಒಡಹುಟ್ಟಿದ ಅಕ್ಕನಿಗೆ. ಸೊಸೆಗೆ ಎಂಟು ತಿಂಗಳು, ಎಲ್ಲ ತಯಾರಿರಲಿ ಎಂದು ಅಕ್ಕ ಪಟ್ಟು ಹಿಡಿದಿದ್ದಳು. “ನಾನೇನು ದಾರೀಲಿ ಹೋಗೋಳಾ?” ಎಂದು ಮುಖ ಊದಿಸಿಕೊಂಡಾಗ ಇವಳು ಸೋತಿದ್ದಳು.

ಇವತ್ತು ಮಧ್ಯಾಹ್ನ ಅಕ್ಕ ಮತ್ತೆ ಬಂದಳು.

“ಇನ್ನೊಂದು ಪೊಟ್ಟಣ ಕಟ್ಟೇ. ಅದು ಮುಗೀತು.”

“ಹೆರಿಗೆ ಆಯ್ತಾ? ನಂಗೊಂದು ಮಾತು ಹೇಳ್ಬಾರ್ದಾ?”

“ಎಲ್ಲಿ ಹೆರಿಗೆ! ಇನ್ನೂ ಒಂದು ತಿಂಗಳಿದೆ. ಹೆತ್ತ ಮೇಲೆ ಶಕ್ತಿ ಕೊಡೋದನ್ನ ಮೊದ್ಲೇ ಕೊಟ್ರೆ ಹೆರಿಗೆ ಹೂವೆತ್ತಿದ ಹಾಗಾಗತ್ತೆ ಅಂತ, ನಾಲ್ಕು ದಿನದಿಂದ ಎರಡು ಹೊತ್ತೂ ಕುದಿಸಿ ಕುಡಿಸ್ತಿದೀನಿ. ಮುಖ ಕಿವುಚ್ತಾಳೆ, ನಾನು ಬಿಡ್ಬೇಕಲ್ಲ!”

ಮದ್ದಿನಂಗಡಿಯವಳು ಅಂಗಡಿಯನ್ನು ಹಾಗೇ ಬಿಟ್ಟು ಅಕ್ಕನ ಮನೆಗೆ ಓಡಿದಳು. ತಾನು ಕೈಯಾರೆ ಕೊಟ್ಟದ್ದು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಹಿಂದಿನಿಂದ ಅಕ್ಕ “ಏನಾಯ್ತೇ?” ಎನ್ನುತ್ತ ಏದುಸಿರು ಬಿಡುತ್ತ ಬರುತ್ತಿದ್ದಳು.

ಸೊಸೆ ಮಹಡಿಯ ಕೋಣೆಯಲ್ಲಿ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು.

“ಬನ್ನಿ ಚಿಕ್ಕಮ್ಮ. ಯಾಕಿಷ್ಟು ಬೆವರಿದೀರಾ?”

“ಹೊಟ್ಟೆ ನೋವು ಬಂದಿತ್ತೇನಮ್ಮ?”

“ಮೊನ್ನೆ ರಾತ್ರಿ ಹಿಂಡಿದ ಹಾಗಾಗ್ತಿತ್ತು. ಈಗಿಲ್ಲ. ಆರಾಮಾಗಿದೀನಿ.”

ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಮದ್ದಿನಂಗಡಿಯವಳು ಕಾದಳು. ಬಲಕ್ಕೆ ಸರಿಸಿದಳು, ಕೆಳಗೆ ಸರಿಸಿದಳು. ಎಲ್ಲೂ ಏನೂ ಮಿಸುಕಲಿಲ್ಲ.

“ಮಗು ಒದೆಯುತ್ತಾ?”

“ನಿನ್ನೆ ಬೆಳಿಗ್ಗೆಯಿಂದ ಇಲ್ಲ. ಅಲ್ಲೀವರೆಗೂ ಒಂದು ಗಳಿಗೆ ಸುಮ್ನಿರ್ತಿರಲಿಲ್ಲ, ಪೋಕರಿ! ಕಷಾಯ ಚೆನ್ನಾಗಿ ಹಿಡಿಸಿದೆ, ನಿದ್ದೆ ಮಾಡ್ತಿದೆ ಅಂದ್ರು ಅತ್ತೆ.”

ಬಾಗಿಲಲ್ಲಿ ನಿಂತ ಅಕ್ಕ ತಂಗಿಯ ಮುಖ ನೋಡಿದಳು. ಅವಳಿಗೆ ಈಗ ಅರ್ಥವಾಯಿತು.

“ಏಳಮ್ಮ, ಆಸ್ಪತ್ರೆಗೆ ಹೋಗೋಣ,” ಎಂದು ಮದ್ದಿನಂಗಡಿಯವಳು ಹುಡುಗಿಯ ತೋಳು ಹಿಡಿದಳು.

ಹುಡುಗಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು, “ಈಗ ಬೇಡ ಚಿಕ್ಕಮ್ಮ. ಎದ್ಬಿಡತ್ತೆ, ಪಾಪ.”