ಇಪ್ಪತ್ತೊಂದು ಸೆಕೆಂಡು

ಭಾಗಮ್ಮನ ಫೋನಿಗೆ ಹೊಟ್ಟೆ ಚಿಕ್ಕದು. ಮೂಡಿಗೆರೆ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ, ಇರುವುದರಲ್ಲೇ ಅಗ್ಗದ್ದು ಯಾವುದು ಅಂತ ಕೇಳಿ ಮಗಳು ಸ್ವಾತಿ ಕೊಡಿಸಿದ್ದು. ತಂದಾಗ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಆರು ತಿಂಗಳಿಗೆಲ್ಲ ಒಂದು ಮೂಲೆ ಬಿರುಕು ಬಿಟ್ಟು, ಬೆವರಿನ ಕೈ ತಾಗಿದರೆ ತನ್ನಷ್ಟಕ್ಕೆ ತಾನೇ ಯಾರಿಗೋ ಫೋನ್ ಮಾಡುವ ಚಾಳಿ ಕಲಿತಿತ್ತು. ಸಂಸೆಗೆ ಮದುವೆಯಾಗಿ ಹೋಗಿದ್ದ ಸ್ವಾತಿ ಮೊಮ್ಮಗನ ವಿಡಿಯೋ ಕಳಿಸುವಳು. ಬೇರೆ ಕೆಲಸವಿಲ್ಲದ ನೆಂಟರೆಲ್ಲ ಬೆಳಗಾದರೆ ಶುಭೋದಯದ ಗುಲಾಬಿ, ದೇವರ ಪಟ ಕಳಿಸುವರು. ಒಂದನ್ನೂ ಅಳಿಸಲು ಭಾಗಮ್ಮನಿಗೆ ಮನಸ್ಸು ಬಾರದು. ಮೊಮ್ಮಗನನ್ನು ಅಳಿಸುವುದು ಹೇಗೆ, ದೇವರನ್ನು ಅಳಿಸುವುದು ಹೇಗೆ? ಕೊನೆಗೊಂದು ದಿನ ಫೋನು ಕಂಠಪೂರ್ತಿ ತುಂಬಿ, ಇನ್ನು ಏನು ಬಂದರೂ ಜಾಗವಿಲ್ಲ ಎಂದು ಹಟ ಹಿಡಿದು ಕೂತಿತು.

ಅದು ಹಟ ಹಿಡಿದ ದಿನವೇ ಮಾರಯ್ಯ ಸತ್ತ.

ಮಾರಯ್ಯ ಭಾಗಮ್ಮ ಕೆಲಸ ಮಾಡುವ ಕಾಫಿ ಎಸ್ಟೇಟಿನಲ್ಲಿ ಕಾಡಾನೆಯ ಕಾವಲಿಗಿದ್ದವನು. ಜಾವಳಿ ಕಡೆಯ ಗುಡ್ಡಗಳಲ್ಲಿ ಈಗ ಕಾಫಿ ಕುಯ್ಯಲು ಇಳಿಯುವ ಮೊದಲು ಆನೆ ಎಲ್ಲಿದೆ ಅಂತ ಕೇಳಿಕೊಳ್ಳಬೇಕು. ಬೆಳಕು ಹರಿಯುವ ಮುಂಚೆ ಎದ್ದು ಲದ್ದಿ, ಹೆಜ್ಜೆ ನೋಡಿಕೊಂಡು ಬಂದು, ತೋಟದ ಯಾವ ತಾಕಿಗೆ ಇಳಿಯಬಹುದು, ಯಾವುದಕ್ಕೆ ಇಳಿಯಬಾರದು ಅಂತ ಅವನು ಹೇಳುತ್ತಿದ್ದ. ಅವನಿಗೂ ಓದು ಬರಹ ಇಲ್ಲ, ಕೊಯ್ಲಿನ ಹೆಂಗಸರ ಮುಂದಾಳಾದ ಭಾಗಮ್ಮನಿಗೂ ಇಲ್ಲ. ಹಾಗಾಗಿ ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸುವುದೇ ಇಬ್ಬರಿಗೂ ಸಲೀಸು. ಆನೆಯ ಸುದ್ದಿ ಎರಡು ಮಾತಾದರೆ ಹರಟೆ ಹತ್ತು ಮಾತು. ಅವನ ಹೆಂಡತಿ ಮರಿಯಮ್ಮ ಇದೇ ಹೆಂಗಸರ ಗುಂಪಿನವಳು. "ನನ್ ಹತ್ರ ಹಿಂಗೆ ಮಾತಾಡಿದ್ದಿಲ್ಲಪ್ಪ, ನಿನ್ ಫೋನಿನ ಹತ್ರ ಮಾತಾಡ್ತಾರೆ ನೋಡು ಭಾಗಕ್ಕ" ಎಂದು ನಗುತ್ತಿದ್ದಳು.

ಆ ದಿನ ತೋಟದ ಕೆಲಸ ಹಂಚುವ ರೈಟರು ಬೆಳಿಗ್ಗೆ ಕೆಳಗಿನ ತಾಕು ಅಂದವರು ಇದ್ದಕ್ಕಿದ್ದಂತೆ ಮನಸ್ಸು ಬದಲಾಯಿಸಿ ಎಲ್ಲರನ್ನೂ ಮೇಲಿನ ತಾಕಿಗೆ ಹತ್ತಿಸಿದ್ದರು. ಹನ್ನೊಂದರ ಹೊತ್ತಿಗೆ ಭಾಗಮ್ಮನ ಚೀಲದಲ್ಲಿ ಫೋನು ಟಿಣ್ ಅಂತು. ತೆಗೆದು ನೋಡಿದರೆ ಮಾರಯ್ಯನ ಪಟ, ಪಕ್ಕದಲ್ಲಿ ಕೆಳಮುಖದ ಬಾಣ, ಇಪ್ಪತ್ತೊಂದು ಸೆಕೆಂಡು. ಅಂಕಿ ಅವಳಿಗೆ ಗೊತ್ತು. ಒತ್ತಿದಳು. ಫೋನು ಜಾಗವಿಲ್ಲ ಅಂದಿತು. 'ಇವನದ್ದು ಇದ್ದದ್ದೇ, ಸಂಜೆ ಕೇಳಿದರಾಯಿತು' ಎಂದು ಚೀಲಕ್ಕೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಒಂದು ಕೂಗು ಬಂತು. ಕೂ...

ಒಂದೇ.

ಕಾಫಿ ಗಿಡಗಳ ನಡುವೆ ಮನುಷ್ಯರು ಮನುಷ್ಯರನ್ನು ಹುಡುಕುವುದು ಕೂ ಹಾಕಿ. ಎರಡು ಸಲ ಕೂ ಹಾಕಬೇಕು, ಕೇಳಿದವರು ತಿರುಗಿ ಎರಡು ಸಲ ಓಗೊಡಬೇಕು. ಒಂದೇ ಸಲ ಕೂಗುವುದು ಮನುಷ್ಯರಲ್ಲ ಎಂದು ಎಸ್ಟೇಟಿನ ಕೂಲಿಯವರ ಸಾಲುಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಒಂಟಿ ಕೂಗಿಗೆ ಓಗೊಟ್ಟರೆ ಅದು ಓಗೊಟ್ಟವರ ಬೆನ್ನು ಹತ್ತಿ ಬರುತ್ತದೆ. ಎಲ್ಲರಿಗಿಂತ ಹಿರಿಯಳಾದ ದೇವೀರಮ್ಮ ತುಟಿಯ ಮೇಲೆ ಬೆರಳಿಟ್ಟಳು. ಯಾರೂ ತುಟಿ ಬಿಚ್ಚಲಿಲ್ಲ. ಎರಡನೆಯ ಕೂಗು ಬಂದೀತೆಂದು ಭಾಗಮ್ಮ ಕಾದಳು. ಅದು ಬರಲಿಲ್ಲ.

ಮಧ್ಯಾಹ್ನ ಕೆಳಗಿನ ತಾಕಿನ ಹಳ್ಳದ ಅಂಚಿನಲ್ಲಿ ಮಾರಯ್ಯ ಸಿಕ್ಕಿದ. ಸಲಗ ಅವನನ್ನೂ ಅವನ ಫೋನನ್ನೂ ಉಳಿಸಿರಲಿಲ್ಲ.

ಆಮೇಲೆ ಮೂರು ವಾರ ಕಳೆಯಿತು. ದಿನವೂ ಕೆಲಸಕ್ಕೆ ಬಂದಾಗ ಮರಿಯಮ್ಮ ಒಂದೇ ಮಾತು ಕೇಳುವಳು. "ತೆಗೆದ್ಯಾ ಭಾಗಕ್ಕ? ಏನಂದಿದ್ರು?"

"ಎಲ್ಲಿ ಮಾರಾಯ್ತಿ, ಜಾಗ ಇಲ್ಲ ಅಂತದೆ ಹಾಳು ಫೋನು."

"ಏನಾದ್ರೂ ಅಳಿಸಿದ್ರೆ ಬರುತ್ತೆ ಅಂತ ದಿವ್ಯಾ ಹೇಳ್ತಾಳಪ್ಪ."

ದಿವ್ಯಾ ದೇವೀರಮ್ಮನ ಸೊಸೆ, ಪಿಯುಸಿ ಓದಿದವಳು. ಅವಳು ಹೇಳಿದ್ದು ಸರಿಯೇ. ಮೊಮ್ಮಗ ಮೊದಲ ಹೆಜ್ಜೆ ಇಟ್ಟ ಒಂದು ವಿಡಿಯೋ ಅಳಿಸಿದರೂ ಸಾಕಿತ್ತು. ಅಯ್ಯೋ, ಕೂಸಿನ ಹೆಜ್ಜೆ ಅಳಿಸಲೇ ಎಂದು ಭಾಗಮ್ಮ ನೆಪ ಹೇಳುತ್ತಿದ್ದಳು. ಅದು ಬರೀ ನೆಪ. ಅವಳಿಗೆ ಹೆದರಿಕೆ. ಒಂಟಿ ಕೂಗು ಮಾರಯ್ಯನದೇ ಆಗಿದ್ದರೆ? ಬಾ ಅಂತ ಕರೆದಿದ್ದರೆ? ಆ ಇಪ್ಪತ್ತೊಂದು ಸೆಕೆಂಡಿನಲ್ಲಿ ಅವನು ಕೈ ಮುಗಿದು ಬೇಡಿಕೊಂಡಿದ್ದರೆ, ಅದನ್ನು ಮರಿಯಮ್ಮನ ಎದುರಿಗೆ ಹೇಗೆ ಕೇಳುವುದು?

ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾರಯ್ಯನ ಮಣ್ಣು ಮುಗಿದ ಮೂರನೆಯ ದಿನದಿಂದ, ಹನ್ನೊಂದರ ಹೊತ್ತಿಗೆ, ಕೆಳಗಿನ ತಾಕಿನಿಂದ ಆ ಕೂಗು ಮತ್ತೆ ಬರುತ್ತಿತ್ತು. ಒಂದೇ ಸಲ. ಉಳಿದವರು ಹಣ್ಣು ಬಿಡಿಸುತ್ತ ಮಾತಾಡುತ್ತಲೇ ಇರುತ್ತಿದ್ದರು. ಮರಿಯಮ್ಮನ ಕೈ ಮಾತ್ರ ಕೊಂಬೆಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಅವಳಿಗೂ ಕೇಳಿಸುತ್ತದೋ, ಕೈ ಸೋತು ನಿಂತಿತೋ, ಕೇಳುವ ಧೈರ್ಯ ಭಾಗಮ್ಮನಿಗೆ ಇರಲಿಲ್ಲ.

ಕೊಯ್ಲು ಮುಗಿಯುತ್ತ ಬಂದು ಉಳಿದದ್ದು ಕೆಳಗಿನ ತಾಕು ಒಂದೇ. ಆ ಸೋಮವಾರ ಅಲ್ಲಿಗೆ ಇಳಿಯಲೇಬೇಕಾಯಿತು. ಮಾರಯ್ಯನ ಕೆಲಸಕ್ಕೆ ಬಂದ ಉಮೇಶ್, "ಆನೆ ಆ ಕಡೆ ಗುಡ್ಡ ದಾಟಿದೆ, ಹೆದರ್ಕೋಬೇಡಿ, ಹೋಗಿ" ಎಂದು ಫೋನ್ ಮಾಡಿಯೇ ಹೇಳಿದ. ಒಂಬತ್ತು ಜನ ಹೆಂಗಸರು ಇಳಿದರು.

ಬಿಸಿಲು ಚುರುಕಾಗಿತ್ತು. ಆದರೂ ಆ ತಾಕಿನೊಳಗೆ ಹೊಕ್ಕಿದ್ದೇ ತಡ ಮೈಗೆ ತಣ್ಣಗಾಯಿತು. ಹಕ್ಕಿಗಳ ಸದ್ದಿಲ್ಲ. ಜೀರುಂಡೆಯೂ ಇಲ್ಲ. ಹಣ್ಣು ಬುಟ್ಟಿಗೆ ಬೀಳುವ ಸದ್ದೊಂದೇ. ಭಾಗಮ್ಮ ಫೋನು ತೆಗೆದು ನೋಡಿದಳು. ಹಳ್ಳದ ಬದಿಯಲ್ಲಿ ಎಂದಿನ ಹಾಗೆ ಟವರ್ ಇಲ್ಲ. ಹನ್ನೊಂದಕ್ಕೆ ಎರಡು ನಿಮಿಷ.

ಕೂಗು ಬಂತು. ಇವತ್ತು ದೂರದಿಂದಲ್ಲ, ನಾಲ್ಕೇ ಸಾಲು ಆಚೆಯಿಂದ. ಕೂ...

ಮೂರು ವಾರ ತಡೆದಿಟ್ಟುಕೊಂಡಿದ್ದ ಕೂಗು ಭಾಗಮ್ಮನ ಬಾಯಿಗೆ ಬಂತು. ಬೆನ್ನು ಹತ್ತಿದರೆ ಹತ್ತಲಿ, ಓಗೊಟ್ಟೇಬಿಡುತ್ತೇನೆ ಎಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸೊಂಟದ ಚೀಲದೊಳಗಿಂದ ಮಾರಯ್ಯ ಮಾತಾಡಿದ.

"ಭಾಗಕ್ಕ, ಓಗೊಡ್ಬೇಡಿ. ಎಲ್ರನ್ನೂ ಕರ್ಕೊಂಡು ಮೇಲೆ ಹತ್ತಿ. ಸದ್ದು ಮಾಡ್ಬೇಡಿ."

ಅವನದೇ ದನಿ. ಮೂಗಿನಲ್ಲಿ ಸ್ವಲ್ಪ ಎಳೆಯುವ ಅದೇ ದನಿ. ಮರಿಯಮ್ಮನ ಬುಟ್ಟಿ ಕೈಜಾರಿ ಹಣ್ಣೆಲ್ಲ ಚೆಲ್ಲಿತು. ಯಾರೂ ಬಗ್ಗಿ ಆರಿಸಲಿಲ್ಲ. ಭಾಗಮ್ಮ ಕೈ ಸನ್ನೆ ಮಾಡಿದಳು. ಒಂಬತ್ತು ಜನವೂ ಹಣ್ಣಿನ ಮೂಟೆ, ಬುಟ್ಟಿ, ಬುತ್ತಿ ಎಲ್ಲ ಬಿಟ್ಟು, ಗಿಡ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಏರು ಹತ್ತಿದರು. ರಸ್ತೆ ಮುಟ್ಟಿದಾಗ ಕೆಳಗೆ, ಅವರು ನಿಂತಿದ್ದ ಜಾಗದಲ್ಲೇ, ಬೈನೆ ಮರವೊಂದು ಲಟಲಟ ಮುರಿದು ಬಿತ್ತು. ಹಿಂದೆಯೇ ಸಲಗ ಘೀಳಿಟ್ಟಿತು.

ಕಾಫಿ ಒಣಹಾಕುವ ಕಣ ಮುಟ್ಟುವವರೆಗೆ ಅವರು ನಿಲ್ಲಲಿಲ್ಲ. ಅಲ್ಲಿ ರೈಟರ ಜೀಪಿತ್ತು, ಜನರಿದ್ದರು. ಭಾಗಮ್ಮ ಕಣದ ಕಟ್ಟೆಯ ಮೇಲೆ ಕುಸಿದು ಕೂತು ಅಳತೊಡಗಿದಳು. ಅದು ದುಃಖದ ಅಳುವಲ್ಲ. ಎದೆಯ ಮೇಲಿನ ಕಲ್ಲು ಇಳಿದಿತ್ತು.

"ಕೇಳಿದ್ಯಾ ಮರಿಯಮ್ಮ? ಅವತ್ತು ಕಳಿಸಿದ್ದು ಅದೇ ಕಣೇ! ಬೆಳಿಗ್ಗೆ ಹೆಂಗೋ ಫೋನಿಗೆ ಇಳಿದಿರ್ಬೇಕು, ಬೆವರು ತಾಗಿ ತಾನೇ ಶುರುವಾಯ್ತು. ಓಗೊಡಬೇಡಿ ಅಂದಿದ್ರು. ಅವ್ರೇ ಬೇಡ ಅಂದಿದ್ರು. ನಾನು ಸುಮ್ನಿದ್ದಿದ್ದು ತಪ್ಪಲ್ಲ ಕಣೇ!"

ಮರಿಯಮ್ಮ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು. "ಇನ್ನೊಂದ್ ಸಲ ಕೇಳಿಸಕ್ಕ. ದನಿ ಕೇಳ್ಬೇಕು ಅನ್ನಿಸ್ತಿದೆ."

ದಿವ್ಯಾ ಫೋನು ತೆಗೆದುಕೊಂಡು ಮಾರಯ್ಯನ ಪಟ ಒತ್ತಿದಳು. ಒಂದು ಸಲ ಮೇಲೆ ಕೆಳಗೆ ಸರಿಸಿ ನೋಡಿದಳು. ಇನ್ನೊಂದು ಸಲ ನೋಡಿದಳು.

"ಭಾಗಮ್ಮೋರೆ, ಅವತ್ತು ಕಳಿಸಿದ್ದು ಇನ್ನೂ ಫೋನಿಗೆ ಇಳಿದೇ ಇಲ್ಲ."

ಬಾಣದ ಗುರುತು ಹಾಗೆಯೇ ಇತ್ತು. ಪಕ್ಕದಲ್ಲಿ ಇಪ್ಪತ್ತೊಂದು ಸೆಕೆಂಡು. ಅದರ ಕೆಳಗೆ ಬೇರೆ ಏನೂ ಬಂದಿರಲಿಲ್ಲ. ಅದರ ಮೇಲಿನದೆಲ್ಲ ಯಾವಾಗಲೋ ಕೇಳಿ ಮುಗಿಸಿದ ಹಳೆಯ ಹರಟೆ.

ದೇವೀರಮ್ಮ ಸೆರಗು ಎಳೆದು ಮೈತುಂಬ ಹೊದ್ದುಕೊಂಡಳು. ಕಣದಲ್ಲಿ ಹರವಿದ್ದ ಕಾಫಿಯ ಹುಳಿ ವಾಸನೆ ಗಾಳಿಗೆ ಬಂದು ಹೋಯಿತು.

"ಅಳಿಸು" ಅಂದಳು ಭಾಗಮ್ಮ.

"ಯಾವುದನ್ನ?"

"ಕೂಸು ನಡೆಯೋದನ್ನ. ಅಳಿಸಿಬಿಡು."

ಮೊಮ್ಮಗ ಅಂಗಳದಲ್ಲಿ ಎರಡು ಹೆಜ್ಜೆ ಇಟ್ಟು, ಕುಸಿದು, ನಕ್ಕು, ಮಾಯವಾದ. ದಿವ್ಯಾ ಬಾಣ ಒತ್ತಿದಳು. ಉಂಗುರದಂಥ ಗುರುತು ತಿರುಗಿತು, ನಿಂತಿತು. ಆಮೇಲೆ ಮಾರಯ್ಯ ಏದುಸಿರು ಬಿಡುತ್ತ ಪಿಸುಮಾತಿನಲ್ಲಿ ಮಾತಾಡಿದ.

"ಭಾಗಕ್ಕ, ಸಲಗ ಹಳ್ಳದ ಹತ್ರಾನೇ ಇದೆ. ನೀವು ಕೆಳಗಿದ್ದೀರೋ ಮೇಲಿದ್ದೀರೋ ಗೊತ್ತಾಗ್ತಿಲ್ಲ. ಎರಡ್ ಸಲ ಕೂಗಿದ್ರೆ ಅದು ನನ್ ಕಡೆ ತಿರುಗುತ್ತೆ. ಒಂದೇ ಸಲ ಕೂ ಹಾಕ್ತೀನಿ. ಒಂಟಿ ಕೂಗು ಅಂತ ಸುಮ್ನಿರ್ಬೇಡಿ, ಮೇಲಿದ್ರೆ ಓಗೊಡಿ. ಓಗೊಡ್ದಿದ್ರೆ ಕೆಳಗೇ ಇದ್ದೀರಿ ಅಂದ್ಕೊಂಡು ಕರ್ಕೊಂಡ್ ಬರೋಕೆ ಇಳೀತೀನಿ. ನಿಮ್ ಜೊತೆ ಮರಿಯಮ್ಮಾನೂ ಇದಾಳಲ್ಲ."

ಅಷ್ಟೇ. ಇಪ್ಪತ್ತೊಂದು ಸೆಕೆಂಡು ಮುಗಿಯಿತು.

ಭಾಗಮ್ಮ ಮರಿಯಮ್ಮನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಅವಳ ಮುಖ ನೋಡಲು ಆಗಲಿಲ್ಲ. ಅವರೆಲ್ಲ ಮೇಲಿದ್ದರು. ಅವನ ಕೂಗು ಕೇಳಿತ್ತು. ಗಂಟಲಿತ್ತು, ಉಸಿರಿತ್ತು. ಒಂದು ಸಲ ಓಗೊಟ್ಟಿದ್ದರೆ ಅವನು ಹಳ್ಳಕ್ಕೆ ಇಳಿಯುತ್ತಲೇ ಇರಲಿಲ್ಲ. ಇಷ್ಟಾದ ಮೇಲೂ ಇವತ್ತು ಬಂದು, ಓಗೊಡಬೇಡಿ, ಮೇಲೆ ಹತ್ತಿ ಅಂದನಲ್ಲ, ಅದನ್ನು ತಾಳಿಕೊಳ್ಳುವುದು ಅವಳಿಗೆ ಇನ್ನೂ ಕಷ್ಟವಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಆಗ ಕೆಳಗಿನ ತಾಕಿನಿಂದ ಕೂಗು ಮತ್ತೆ ಬಂತು. ಕೂ...

ಈ ಸಲ ಎಲ್ಲರಿಗೂ ಕೇಳಿತು. ಜೀಪಿನ ಹತ್ತಿರ ನಿಂತಿದ್ದ ರೈಟರು ತಲೆ ಎತ್ತಿದರು. ದೇವೀರಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಈಗಾದ್ರೂ ಓಗೊಡಕ್ಕ" ಅಂದಳು ಮರಿಯಮ್ಮ. ಅವಳ ದನಿಯಲ್ಲಿ ಸಿಟ್ಟಿತ್ತೋ ಬೇಡಿಕೆಯಿತ್ತೋ ಯಾರಿಗೂ ತಿಳಿಯಲಿಲ್ಲ. "ನಾವು ಮೇಲಿದ್ದೀವಿ ಅಂತ ಗೊತ್ತಾಗ್ಲಿ. ಇಲ್ದಿದ್ರೆ ಹುಡುಕ್ತಾನೇ ಇರ್ತಾರೆ."

ಭಾಗಮ್ಮ ಕಣದ ಅಂಚಿಗೆ ಹೋಗಿ ನಿಂತಳು. ಎರಡೂ ಕೈ ಬಾಯಿಗೆ ಹಿಡಿದು, ಬದುಕಿದ್ದವರು ಕೂಗುವ ಹಾಗೆ, ಎರಡು ಸಲ ಕೂ ಹಾಕಿದಳು. ದನಿ ಗುಡ್ಡಕ್ಕೆ ತಾಗಿ ತಿರುಗಿ ಬಂತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಏರಿನ ಮೇಲೆ ಒಣಗಿದ ತರಗು ಸರಸರ ಎಂದಿತು. ಗಾಳಿ ಇರಲಿಲ್ಲ. ಆ ಸದ್ದು ಒಂದೊಂದೇ ಹೆಜ್ಜೆಯಾಗಿ ಮೇಲೆ ಹತ್ತಿ, ಕಣದ ಕಟ್ಟೆಯವರೆಗೆ ಬಂದು, ನಿಂತುಹೋಯಿತು.

ಸಂಜೆ ಒಂಬತ್ತು ಜನವೂ ಸಾಲುಮನೆಯ ಕಡೆ ಹೊರಟರು. ಮರಿಯಮ್ಮ ರಸ್ತೆಯ ಒಂದು ಬದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ನಡೆಯುತ್ತಿದ್ದಳು. ದಾರಿ ಕಿರಿದಾಗಿದ್ದ ಕಡೆಯೂ ಯಾರೂ ಆ ಜಾಗಕ್ಕೆ ಕಾಲಿಡಲಿಲ್ಲ.